ಕರಿ ಕಾರಿಗೆ ಎಳ್ಳೆಣ್ಣೆ

ರೀ,

ಕರಿ ಕಾರು ಮಂಕಾಗಿದೆ, ಮಾರೋ ಮುಂಚೆ ಹೊಳಪು ಬರಿಸ್ಬೇಕು ಅಂತ ನಿಮ್ಮಮ್ಮನ ಮುಂದೆ ಯಾಕ್ರೀ ಅಂದ್ರಿ? ನೀವು ಅತ್ತ ಡ್ಯೂಟಿಗೆ ಹೋದ್ರಿ, ಇತ್ತ ಅವರು ಗುಡಿಯ ಕರಿಕಲ್ಲಿನ ದೇವರಿಗೆ ಹಚ್ಚೋ ಹಾಗೆ ಇಡೀ ಕಾರಿಗೆ ಎಳ್ಳೆಣ್ಣೆ ಹಚ್ಚಿದ್ದಾರೆ. ಹೊಳೀತಿದೆ, ಇಲ್ಲ ಅನ್ನಲ್ಲ. ಅದಕ್ಕೇ ಬೀದಿಯೋರೆಲ್ಲ ಕುಂಕುಮ ಇಟ್ಟು, ಹೂ ಹಾಕಿ ಹೋಗ್ತಿದ್ದಾರೆ.

ನಾನು ಯಶವಂತಪುರಕ್ಕೆ ಹೊರಟೆ. ಬಾನೆಟ್ ಮೇಲೆ ಅತ್ತೆ ಹಚ್ಚಿಟ್ಟಿರೋ ದೀಪಾನ ಅವರ ಕೈಲೇ ತೆಗೆಸಿ. ಎಣ್ಣೆ ಹೋಗೋವರೆಗೂ ಶಾಂಪೂ ನೀರಲ್ಲಿ ತೊಳೀರಿ. ಪಾಲಿಶ್ ಡಬ್ಬ ಫ್ರಿಜ್ ಮೇಲಿದೆ, ನೆರಳಲ್ಲಿ ನಿಲ್ಲಿಸ್ಕೊಂಡು ಉಜ್ಜಿ. ಕೈ ನೋಯುತ್ತೆ ಅಂತ ಮತ್ತೆ ಅಮ್ಮನ್ನ ಕರೀಬೇಡಿ.

ಕಾರು ಕೊಳ್ಳೋಕೆ ಹೆಬ್ಬಾಳದೋರು ಬಂದಿದ್ರು. ಚಪ್ಪಲಿ ಬಿಟ್ಟು ಮೂರು ಸುತ್ತು ಬಂದ್ರು. ಟೈರ್ ನೋಡ್ತಿದ್ದಾರೆ ಅಂದ್ಕೊಂಡೆ. ಕೈಮುಗಿದು, ಪ್ರಸಾದ ಇಸ್ಕೊಂಡು, ರೇಟೂ ಕೇಳ್ದೆ ಹೋದ್ರು.

ವೇದಾ