ಗೆರೆಯಾಚೆಯ ಚೆಂಡು ಮತ್ತು ಹೆಬ್ಬಾಳದವರಿಗೆ ಮುಚ್ಚಿದ ಗೇಟು

ಹೆಬ್ಬಾಳ, ಜೂನ್ ೧೯೫೮

ನಗರದ ಫುಟ್ಬಾಲ್ ಲೀಗಿನ ಮಾನ್ಯ ಕಾರ್ಯದರ್ಶಿಗಳೇ,

ಆ ಕಾಲು ನನ್ನದು. ಗೆರೆ ದಾಟಿ ಹೊರಗೆ ಬಂದಿದ್ದ ಚೆಂಡನ್ನು ಮತ್ತೆ ಆಟದೊಳಕ್ಕೆ ತಳ್ಳಿದ ಕಾಲು ಹೆಬ್ಬಾಳ ಗ್ರಾಮದ್ದಲ್ಲ, ನಮ್ಮ ಕೆರೆಯೇರಿ ಫುಟ್ಬಾಲ್ ಸಂಘದ್ದಲ್ಲ, ಯಾವ ಗುಪ್ತ ಕೂಟದ್ದೂ ಅಲ್ಲ. ಹೂಕೋಸು ಬೆಳೆದು ಬದುಕುವ, ಐವತ್ತೆರಡು ವರ್ಷ ವಯಸ್ಸಿನ ನನ್ನ ಬಲಗಾಲು. ಇದನ್ನು ತಮಗೆ ತಿಳಿಸಿದವನೂ ನಾನೇ. ಹೀಗಿದ್ದೂ, ಬರುವ ಭಾನುವಾರದ ಮರುಪಂದ್ಯಕ್ಕೆ ಹೆಬ್ಬಾಳದವರು ಯಾರೂ ಮೈದಾನದೊಳಗೆ ಬರಕೂಡದು, ಒಬ್ಬನೇ ಒಬ್ಬ ಕಂಡರೂ ಪಂದ್ಯವನ್ನು ಎದುರಾಳಿಗೆ ಬಿಟ್ಟುಕೊಡಲಾಗುವುದು ಎಂದು ತಾವು ಆದೇಶ ಹೊರಡಿಸಿದ್ದೀರಿ. ಆ ಪಂದ್ಯ ಕೈತಪ್ಪಿದರೆ ನಮ್ಮ ತಂಡ ಮೊದಲನೇ ಡಿವಿಜನ್ನಿನಿಂದ ಕೆಳಗಿಳಿಯುತ್ತದೆ ಎಂಬುದು ತಮಗೆ ಗೊತ್ತಿಲ್ಲದ ಸಂಗತಿಯಲ್ಲ. ಒಬ್ಬನ ಕಾಲು ಮಾಡಿದ ತಪ್ಪಿಗೆ ಊರಿನವರೆಲ್ಲರ ಕಾಲು ಕಟ್ಟುವ ಈ ನ್ಯಾಯವನ್ನು ತಾವು ಯಾವ ಶಾಲೆಯಲ್ಲಿ ಕಲಿತಿರಿ?

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ತಾವು ಕುಳಿತು ಓದಬೇಕು. ನನಗಂತೂ ಹನ್ನೊಂದು ದಿನಗಳಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಈ ಪತ್ರವನ್ನೂ ಎರಡು ಸಾಲು ಬರೆಯುವುದು, ಎದ್ದು ಪಾತಿಯವರೆಗೆ ಹೋಗುವುದು, ಬಂದು ಮೂರನೆಯದನ್ನು ಬರೆಯುವುದು, ಹೀಗೆ ಮುಂದುವರಿಸಿದ್ದೇನೆ. "ಒಂದ್ ಗಳಿಗೆ ಕುಂತ್ಕಳ್ಳಿ ಅತ್ಲಾಗೆ. ನೀವ್ ಇಂಗೆ ನೀರ್ ಕಟ್ತಾನೇ ಇದ್ರೆ ಗಿಡ ಎಲ್ಲಾ ಕೊಳೆತೋಗ್ತವೆ" ಎಂದು ನನ್ನ ಹೆಂಡತಿ ಸೊಣ್ಣಮ್ಮ ಗದರುತ್ತಾಳೆ. ಕೊಳೆತರೆ ಅದನ್ನೂ ತಮ್ಮ ಆದೇಶದ ಕೊನೆಗೆ ಸೇರಿಸಿಕೊಳ್ಳಬಹುದು.

ನಮ್ಮ ಸಂಘದ ಮೈದಾನ ಕೆರೆಯ ಏರಿಯ ಕೆಳಗಿದೆ. ತೋಟಗಳಿಗೆ ಸೇರದೆ ಉಳಿದ ಒಂದು ತುಂಡು ಬಯಲು. ಮೂರು ಕಡೆ ಗೆರೆ, ನಾಲ್ಕನೆಯ ಕಡೆ ಏರಿಯ ಇಳಿಜಾರು. ಆ ಇಳಿಜಾರಿನಲ್ಲಿ ನಾವು ಕೂರುತ್ತೇವೆ. ಚೆಂಡು ಏರಿ ಹತ್ತಿದರೆ ಆಟ ನಿಲ್ಲುವುದಿಲ್ಲ, ಅದು ಉರುಳಿ ಬಂದೇ ಬರುತ್ತದೆ. ಕೂತವರ ನಡುವೆ ಸಿಕ್ಕಿಕೊಂಡರೆ ಹತ್ತಿರವಿದ್ದವರು ಕಾಲಿನಿಂದ ಕೆಳಕ್ಕೆ ತಳ್ಳಬೇಕು. ಕೈ ಹಚ್ಚಕೂಡದು, ನಮ್ಮವನು ಎಲ್ಲಿದ್ದಾನೆಂದು ನೋಡಕೂಡದು, ಒಂದು ಉಸಿರಿನಷ್ಟೂ ತಡಮಾಡಕೂಡದು. ಇದನ್ನು ಯಾರೂ ಬರೆದಿಟ್ಟಿಲ್ಲ. ನಡೆಯಲು ಕಲಿತ ಮಗುವಿಗೂ ಗೊತ್ತು. ಎರಡು ವರ್ಷದ ಹಿಂದೆ, ಏರಿಯ ಮೇಲೆ ಕಡಲೆಕಾಯಿ ಮಾರುವ ಅಕ್ಬರಿ ತನ್ನ ಬುಟ್ಟಿಗೆ ತಗುಲಿದ ಚೆಂಡನ್ನು ಹೀಗೆಯೇ ತಳ್ಳಿದಳು. ಅದು ನೆಟ್ಟಗೆ ಮತ್ತಿಕೆರೆಯ ಆಟಗಾರನಿಗೆ ಸಿಕ್ಕಿ ನಮ್ಮ ಮೇಲೆಯೇ ಗೋಲಾಯಿತು, ನಾವು ಸೋತೆವು. "ನಾನೇನ್ ಮಾಡ್ಲಿ ಭಾಯ್, ನನ್ ಕಾಲ್ಗೆ ಪಾರ್ಟಿ ಗೀರ್ಟಿ ಗೊತ್ತಾಗಲ್ಲ" ಎಂದಳು. ಎಲ್ಲರೂ ನಕ್ಕರು, ಅಂದು ಸಂಜೆಯೂ ಅವಳ ಬುಟ್ಟಿ ಖಾಲಿಯಾಯಿತು. ಮಾನ್ಯರೇ, ನಮ್ಮ ಊರಿನ ಅಭಿಮಾನವೆಂದರೆ ಇದು. ತಮ್ಮ ಆದೇಶದಲ್ಲಿ ಇದರ ಹೆಸರು "ಪೂರ್ವಯೋಜಿತ ಅಡ್ಡಿ".

ಇನ್ನು ನಗರದಲ್ಲಿ ತಮ್ಮ ಲೀಗಿನ ಮೈದಾನದಲ್ಲಿ ನಡೆದ ಪಂದ್ಯದ ದಿನ. ಯಶವಂತಪುರದ ಹುಡುಗರ ಎದುರು ಆಟ ಒಂದಕ್ಕೊಂದು ಸಮವಾಗಿತ್ತು, ಉಳಿದದ್ದು ಐದು ನಿಮಿಷ. ಗ್ಯಾಲರಿಯ ಹಲಗೆಗಳ ಮೇಲೆ ಕೂತು ನಮಗೆ ರೂಢಿಯಿಲ್ಲ. ಹಗ್ಗದ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದೆವು. ನಮ್ಮ ಎಡಬದಿಯ ಆಟಗಾರ ಪಿಳ್ಳಪ್ಪ ಚೆಂಡಿನ ಹಿಂದೆ ಓಡಿ ಬಂದ. ಚೆಂಡು ಅವನಿಗಿಂತ ಮುಂದಾಗಿ ಸುಣ್ಣದ ಗೆರೆ ದಾಟಿ, ಹಗ್ಗದ ಕೆಳಗೆ ನುಸುಳಿ, ನನ್ನ ಪಾದಕ್ಕೆ ಬಂದು ತಾಗಿತು. ನನ್ನ ಪಾದ ಮೂವತ್ತು ವರ್ಷಗಳಿಂದ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಪಿಳ್ಳಪ್ಪನೂ ಏರಿಯ ಕೆಳಗೆ ಆಡಿ ಬೆಳೆದವನೇ, ಅವನು ನಿಲ್ಲಲಿಲ್ಲ. ಯಶವಂತಪುರದವರು ಚೆಂಡು ಹೊರಗೆ ಹೋಯಿತೆಂದು ಕೈಯೆತ್ತಿ ನಿಂತಿದ್ದರು. ಗೆರೆಯ ಮೇಲಿರಬೇಕಾದ ತಮ್ಮ ಬಾವುಟದವರು ಮೂವತ್ತು ಗಜ ಹಿಂದೆ ಯಾರೊಡನೆಯೋ ಕುಶಲ ವಿಚಾರಿಸುತ್ತಿದ್ದರು. ಗೋಲಾಯಿತು, ರೆಫರಿಗಳು ಸೀಟಿ ಊದಿದರು, ನಾವು ಗೆದ್ದೆವು.

ಸುಳ್ಳು ಹೇಳುವುದಿಲ್ಲ, ನಾನೂ ಎದ್ದು ಕೂಗಿದೆ, ಟವೆಲು ಬೀಸಿದೆ, ಪಕ್ಕದವನನ್ನು ತಬ್ಬಿಕೊಂಡೆ. ಆಮೇಲೆ ನೆಲ ನೋಡಿದೆ. ಗೆರೆ ನನ್ನ ಮುಂದೆ ಒಂದು ಮಾರು ದೂರದಲ್ಲಿತ್ತು. ಅಲ್ಲಿ ಇಳಿಜಾರು ಇರಲಿಲ್ಲ. ಜನ ಪಿಳ್ಳಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ನಾನು ರೆಫರಿಗಳ ಹತ್ತಿರ ಹೋದೆ.

"ಸ್ವಾಮಿ, ಚೆಂಡು ಆಚೆ ಬಂದಿತ್ತು. ಒಳೀಕೆ ತಳ್ದೋನು ನಾನು."

"ಯಾವ ಪಾರ್ಟಿಯವನಯ್ಯ ನೀನು?"

"ಹೆಬ್ಬಾಳದೋನು ಸ್ವಾಮಿ."

"ಗೆದ್ದಿದ್ದೀರಲ್ಲ, ಇನ್ನೇನ್ ಬೇಕು? ಸುಮ್ನೆ ಮನೆಗ್ ಹೋಗು."

ಸುಮ್ಮನೆ ಮನೆಗೆ ಹೋಗಲು ನನ್ನಿಂದ ಆಗಲಿಲ್ಲ. ಮರುದಿನ ತಮ್ಮ ಕಚೇರಿಗೆ ಬರೆದು ಕೊಟ್ಟೆ. ಗೋಲನ್ನು ರದ್ದು ಮಾಡಿದಿರಿ, ಸರಿ. ಪಂದ್ಯ ಮತ್ತೆ ನಡೆಯಲಿ ಎಂದಿರಿ, ಅದೂ ಸರಿ. ನಾನು ಕೇಳಿದ್ದೂ ಅಷ್ಟೇ. ಆದರೆ ನಾನು ನಂಬಿಕೆಯಿಂದ ಕೊಟ್ಟ ಕಾಗದವನ್ನೇ ಸಾಕ್ಷಿ ಮಾಡಿಕೊಂಡು ನನ್ನ ಊರನ್ನೇ ಅಪರಾಧಿ ಮಾಡುತ್ತೀರೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು? ಕಳೆದ ತಿಂಗಳು ಇನ್ನೊಂದು ತಂಡದ ಕಡೆಯವರು ಗೋಲ್‌ಕೀಪರನ ಹಣೆಗೆ ಕಲ್ಲು ಬೀಸಿದರು. "ಎಸೆದವರು ಪತ್ತೆಯಾಗಲಿಲ್ಲ" ಎಂದು ಎರಡು ಸಾಲಿನ ಎಚ್ಚರಿಕೆ ಕೊಟ್ಟು ತಾವು ಕಡತ ಮುಚ್ಚಿದಿರಿ. ಪತ್ತೆಯಾಗದವನು ಈ ಭಾನುವಾರವೂ ಗ್ಯಾಲರಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾನೆ. ತಾನಾಗಿ ಬಂದು ಒಪ್ಪಿಕೊಂಡವನ ಊರು ಗೇಟಿನ ಹೊರಗೆ ನಿಲ್ಲುತ್ತದೆ. ತಮ್ಮ ಲೀಗಿನಲ್ಲಿ ಅಭಿಮಾನಿಗಳು ಕಲಿಯಬೇಕಾದ ಪಾಠ ಇದೇ ಏನು? ಹಾಗಾದರೆ ಅದನ್ನು ಟಿಕೆಟ್ಟಿನ ಹಿಂದೆ ಅಚ್ಚು ಹಾಕಿಸಿಬಿಡಿ, ಹೊಸಬರಿಗೆ ಅನುಕೂಲವಾಗುತ್ತದೆ.

ಗೇಟಿನ ಕಾವಲುಗಾರರು ಹೆಬ್ಬಾಳದವರನ್ನು ಗುರುತಿಸುವುದು ಹೇಗೆ ಎಂಬ ವಿಷಯದಲ್ಲೂ ನನಗೆ ಕುತೂಹಲವಿದೆ. ಉಗುರಿನ ಸಂದಿಯ ಮಣ್ಣು ನೋಡಿಯೋ? ಕೈ ಮೂಸಿ ಕೊತ್ತಂಬರಿಯ ವಾಸನೆ ಹಿಡಿದೋ? ಪಕ್ಕದ ಕೊಡಿಗೇಹಳ್ಳಿಯ ಮಣ್ಣು, ಕೆಂಪಾಪುರದ ಕೊತ್ತಂಬರಿ ಬೇರೆ ಬಣ್ಣ ಬೇರೆ ವಾಸನೆ ಏನಲ್ಲ. ನಮ್ಮೂರಿನ ಹೆಣ್ಣುಮಗಳೊಬ್ಬಳು ಮದುವೆಯಾಗಿ ಯಶವಂತಪುರದಲ್ಲಿದ್ದಾಳೆ. ಅವಳು ಗಂಡನ ಜೊತೆ ಬಂದು ಕೂತು, ನಮ್ಮ ಹುಡುಗರು ಓಡುವಾಗ ಬಾಯಿ ತಪ್ಪಿ ಕೂಗಿದರೆ ನಮ್ಮ ತಂಡ ಎರಡನೇ ಡಿವಿಜನ್ನಿಗೆ ಇಳಿಯಬೇಕೆ?

ನಮ್ಮವರನ್ನೆಲ್ಲ ದೇವರಂಥವರೆಂದು ಹೊಗಳಲು ಈ ಪತ್ರ ಬರೆಯುತ್ತಿಲ್ಲ. ಕಳೆದ ವರ್ಷ ಮೊದಲನೇ ಡಿವಿಜನ್ನಿಗೆ ಹತ್ತಿದ ಮೇಲೆ ನಮಗೂ ಹೊಸ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಕೊರಳಿಗೆ ಕರ್ಚೀಫು ಕಟ್ಟಿಕೊಂಡು, ಸೈಕಲ್ಲಿನ ಗಂಟೆ ಬಾರಿಸುತ್ತ ಬಂದು, ಆಟ ಶುರುವಾಗುವ ಮೊದಲೇ ರೆಫರಿಯ ತಾಯಿಯನ್ನು ನೆನೆಯುವವರು. ಏರಿಯ ಮೇಲೆ ಒಂದು ಮಧ್ಯಾಹ್ನವೂ ಬಿಸಿಲು ಕಾಯದವರು. ಅವರಿಗೆ ಗೆಲುವು ಬೇಕು, ಆಟ ಬೇಡ. ಈಗ ನಾನು ಬೀದಿಗೆ ಬಂದರೆ ಅವರದೇ ಮೆರವಣಿಗೆ. "ಬಂದ್ರಪ್ಪೋ ಜಡ್ಜ್ ಸಾಹೇಬ್ರು! ಇವತ್ತು ಯಾರ್ನ ಒಳೀಕ್ ಆಕಿಸ್ದೆ ಗುರು?" ಎಂದು ಒಬ್ಬ. "ಅಣ್ಣೋ, ಯಶವಂತ್ಪುರದೋರು ಒಂದ್ ಲೋಟ ಕಾಫಿನಾದ್ರೂ ಕೊಡ್ಸಿದ್ರಾ?" ಎಂದು ಇನ್ನೊಬ್ಬ. ನಾನು ನಕ್ಕು ಮುಂದೆ ಹೋಗುತ್ತೇನೆ. ನಾಲ್ಕು ಹೆಜ್ಜೆಯ ಆಚೆ ನನ್ನ ನಗು ನಿಂತುಹೋಗುತ್ತದೆ. ತಮ್ಮ ಆದೇಶ ಅವರ ಮಾತನ್ನು ಸರಿಯೆಂದು ಸಾಧಿಸಿಕೊಟ್ಟಿದೆ, ಮಾನ್ಯರೇ. ಬಾಯಿ ಮುಚ್ಚಿಕೊಂಡಿದ್ದರೆ ನಾವು ಗೆದ್ದಿರುತ್ತಿದ್ದೆವು. ಇನ್ನು ಮುಂದೆ ನಮ್ಮೂರಿನಲ್ಲಿ ಯಾವ ಹುಡುಗ ತಾನೇ ಬಾಯಿ ತೆರೆದಾನು?

ಮೊನ್ನೆ ಪಿಳ್ಳಪ್ಪ ಮನೆಗೆ ಬಂದ. ಬೈಯುತ್ತಾನೆಂದುಕೊಂಡೆ. ಜಗಲಿಯ ಮೇಲೆ ಕೂತು ಬಹಳ ಹೊತ್ತು ತನ್ನ ಬೂಟಿನ ದಾರ ಕಟ್ಟುತ್ತ ಬಿಚ್ಚುತ್ತ ಇದ್ದ.

"ನಾನು ಭಾನ್ವಾರ ಆಡಲ್ಲ ಕಣಣ್ಣ" ಎಂದ.

"ಯಾಕ್ಲಾ? ನೀನಿಲ್ದಿದ್ರೆ ಎಡಗಡೆ ಯಾರವ್ರೆ?"

"ನೀವ್ಯಾರೂ ಇಲ್ದಿದ್ರೆ ಆ ಕಡೆ ನಾನ್ ಯಾಕ್ ಓಡ್ಲಿ? ಖಾಲಿ ನೆಲಕ್ಕೆ ತೋರ್ಸಕ್ಕಾ?"

"ನನ್ ಮೇಲೆ ಕ್ವಾಪ ಇದ್ರೆ ಏಳ್ಬಿಡು ಮಗಾ."

"ಕ್ವಾಪ ಅದೆ" ಎಂದ. "ನನ್ನೂ ಕರ್ಕಂಡ್ ಓಗ್ಬೇಕಿತ್ತು. ಚೆಂಡು ಆಚೀಕ್ ಓಗಿದ್ದು ನಾನೂ ನೋಡಿದ್ದೆ. ನೀನ್ ಒಬ್ನೇ ಓದೆ, ನಾನು ಎಗಲ್ ಮೇಲೆ ಕುಂತಿದ್ದೆ."

ಅಷ್ಟು ಹೇಳಿ ಬೂಟುಗಳನ್ನು ಜಗಲಿಯ ಮೇಲೆಯೇ ಬಿಟ್ಟು ಹೋದ. ಅವು ಇನ್ನೂ ಅಲ್ಲಿವೆ. ನಾನು ಹೋಗುವಾಗ ಬರುವಾಗ ನೋಡುತ್ತೇನೆ. ಅವನು ಇಪ್ಪತ್ತೊಂದು ವರ್ಷದವನು. ಅವನ ಓಟ ಇನ್ನು ನಾಲ್ಕೈದು ವರ್ಷ ಇದ್ದೀತು. ಅದರಲ್ಲಿ ಒಂದನ್ನು ಎರಡನೇ ಡಿವಿಜನ್ನಿನ ಧೂಳಿನಲ್ಲಿ ಕಳೆಯುವಂತೆ ಮಾಡಿದವನು ನಾನು ಎಂದು ತಿಳಿದು ನಾನು ಹೇಗೆ ಕೂರಲಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆದೇಶದಲ್ಲಿ ಹೆಬ್ಬಾಳ ಎಂದಿರುವ ಜಾಗದಲ್ಲಿ ಮುನಿಯಲ್ಲಪ್ಪ ಎಂದು ಬರೆಯಿರಿ. ಒಂದು ಪಂದ್ಯ, ಒಂದು ವರ್ಷ ಸಾಲದೆನಿಸಿದರೆ ನನ್ನ ಆಯುಸ್ಸು ಇರುವವರೆಗೂ ನನ್ನನ್ನು ಮೈದಾನದಿಂದ ದೂರವಿಡಿ. ಯಾವ ಕಾಗದಕ್ಕೆ ಬೇಕಾದರೂ ರುಜು ಹಾಕುತ್ತೇನೆ. ಕಾವಲುಗಾರರಿಗೂ ಒಂದೇ ಮುಖ ಗುರುತಿಡುವುದು ಸುಲಭ. ಶನಿವಾರ ಸಂಜೆಯೊಳಗೆ ಊರಿನ ಮೇಲಿನ ನಿಷೇಧವನ್ನು ತೆಗೆಯಬೇಕು. ಉಳಿದವರು ಹಗ್ಗದ ಪಕ್ಕದಲ್ಲಿ ಕೂರಲಿ, ಹುಡುಗ ಅವರ ಕಡೆ ನೋಡಿಕೊಂಡು ಓಡಲಿ. ಗೆರೆಯ ನಿಯಮವನ್ನು ನಾನೇ ಮನೆಮನೆಗೆ ಹೋಗಿ ಹೇಳಿ ಬರುತ್ತೇನೆ.

ಇದಕ್ಕೆ ಬದಲಾಗಿ ಒಂದೇ ಒಂದು ಉಪಕಾರ ಕೇಳುತ್ತೇನೆ. ಆಟ ಮುಗಿದ ಮೇಲೆ ಆರೂಕಾಲಿಗೆ ನಮ್ಮ ಹೆಬ್ಬಾಳದ ಮೇಲೆ ಯಲಹಂಕದ ಕಡೆಗೆ ಹೋಗುವ ಒಂದು ಬಸ್ಸು ಹೊರಡುತ್ತದೆ. ತಮ್ಮ ಕಚೇರಿಯಿಂದ ಯಾರಾದರೂ ಹೋಗಿ ಅದರ ಕಂಡಕ್ಟರಿಗೆ ಗೋಲು ಎಷ್ಟಕ್ಕೆ ಎಷ್ಟು ಎಂದು ಹೇಳಿ ಕಳುಹಿಸಬೇಕು. ನಮ್ಮವರು ಮೆರವಣಿಗೆ ಮಾಡಿಕೊಂಡು ಬರುವುದಾದರೆ ಬಹಳ ತಡವಾಗುತ್ತದೆ, ಸೋತಿದ್ದರೆ ಇನ್ನೂ ತಡ.

ಇಂತಿ, ಭಾನುವಾರ ಸಂಜೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನಿಂತಿರುವ,
ಮುನಿಯಲ್ಲಪ್ಪ