ಬೋಗುಣಿಯಲ್ಲಿ ನನ್ನ ಕಾಲು

ಡೆಲ್ಫಿಯಾ,

ಮಣ್ಣು ಸೇರಿದವಳು ಇದನ್ನು ಓದುವುದಿಲ್ಲ, ಗೊತ್ತು. ಆದರೂ ಇವತ್ತಿನ ಸಿಟ್ಟನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಚರ್ಚಿನಲ್ಲಿ ಇವತ್ತು, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಒಬ್ಬರ ಕಾಲು ಒಬ್ಬರು ತೊಳೆಯುವ ಭಾನುವಾರ. ಪ್ರತಿವರ್ಷ ಎಲ್ಲರಿಗಿಂತ ಮೊದಲು ಸೊಂಟಕ್ಕೆ ಟವಲ್ಲು ಕಟ್ಟುವವನು ನಾನು. ನನ್ನ ಕಾಲಿನ ಸರದಿ ಬಂತೋ, ಬೋಗುಣಿ ಎತ್ತಿಕೊಂಡು ಮುಂದಿನವನ ಹತ್ತಿರ ಹೋಗಿಬಿಡುತ್ತಿದ್ದೆ. ಎಂಥ ವಿನಯ ಎಂದು ಜನ ಹೊಗಳುತ್ತಿದ್ದರು. ನೀನೊಬ್ಬಳು ಮಾತ್ರ ಹೆಂಗಸರ ಸಾಲಿನಲ್ಲಿ ಕೂತು, ಗಂಡನ ನಾಟಕ ನೋಡಿ ನಗುತ್ತಿದ್ದೆ.

ಈ ಸಲ ಹಾಳು ಮಂಡಿ ಬಗ್ಗಲೇ ಇಲ್ಲ. ಬೆಂಚಿನ ಮೇಲೆ ಕೂತೆ. ಬೋಗುಣಿ ಹಿಡಿದು ಬಂದವನು ಯಾರು ಅಂದುಕೊಂಡೆ? ನಮ್ಮನ್ನು ಕೇಳದೆ ನಮ್ಮ ಬೇಲಿಯ ಓಕ್ ಮರ ಕಡಿದ ಆ ಪಕ್ಕದ ಮನೆ ಹೋಬರ್ಟ್!

"ಕಾಲು ಕೊಡಣ್ಣ," ಅಂದ.

"ಬೇಡ. ಮನೇಲೇ ತೊಳ್ಕೊಂಡು ಬಂದಿದೀನಿ."

"ಎಲ್ರೂ ತೊಳ್ಕೊಂಡೇ ಬರೋದು. ಕೊಡು, ನೀರು ತಣ್ಣಗಾಗ್ತಿದೆ."

ಸಾಕ್ಸನ್ನೂ ಅವನೇ ಎಳೆದ. ಉಗುರುಗಳು ಬೆಳೆದು, ಬಾಗಿ, ಬೆರಳಿಗೆ ಚುಚ್ಚಿಕೊಂಡಿದ್ದವು. ನಾಚಿಕೆಯಿಂದ ಮೈ ಉರಿದುಹೋಯಿತು. ಆ ಪುಣ್ಯಾತ್ಮ ನಗಲೂ ಇಲ್ಲ. ನಕ್ಕಿದ್ದರೆ ಒದ್ದಾದರೂ ಎದ್ದು ಬರುತ್ತಿದ್ದೆ.

"ಶನಿವಾರ ಬಂದು ಕತ್ತರಿಸಿಕೊಡ್ಲಾ? ಡೆಲ್ಫಿಯಕ್ಕ ಇದ್ದಿದ್ರೆ ಹೀಗೆ ಬಿಡ್ತಾನೇ ಇರ್ಲಿಲ್ಲ," ಅಂದ.

ಅವನಿಗೇನು ಗೊತ್ತು! ನೀನು ಬಿಸಿನೀರು, ಕತ್ತರಿ ಹಿಡಿದು ಬಂದಾಗಲೆಲ್ಲ ಈ ಕಾಲನ್ನು ಯಾರು ಎಳೆದುಕೊಳ್ಳುತ್ತಿದ್ದರು ಎಂದು ನಿನಗೆ ಗೊತ್ತು, ನನಗೆ ಗೊತ್ತು.

"ಬಾ," ಅಂದೆ.

ಆ ಕತ್ತರಿ ಎಲ್ಲಿಟ್ಟಿದ್ದೀಯೇ? ಮಧ್ಯಾಹ್ನದಿಂದ ಹುಡುಕುತ್ತಿದ್ದೇನೆ.