ಬೂಬನನ್ನು ಹೊತ್ತವನು

ಮಣ್ಣಗುಡ್ಡ, ಮಂಗಳೂರು
11-11-1957

ಪ್ರೀತಿಯ ಯಾಹ್ಯಾ,

ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ದೀಪಾವಳಿಗೆ ಮೊದಲೇ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ. ಬೊಂಬಾಯಿಯಲ್ಲಿ ಕುಳಿತು ನನ್ನನ್ನು ಬೈದದ್ದು ಸಾಕು. ಸುಹರಾಳ ಕೆಮ್ಮು ಹೇಗುಂಟು? ನಿನ್ನ ಹೋಟೆಲಿನ ಹೊಗೆಯಿಂದ ಅವಳನ್ನು ದೂರ ಇಡು.

ಇಲ್ಲಿ ನನಗೆ ನಾಲ್ಕು ದಿನದಿಂದ ಊಟ ಸೇರುವುದಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಯಾರಾದರೂ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡದೆ ನಡೆದುಬಿಡುತ್ತೇನೆ. ಕಾರಣ ಒಂದು ಕಾಗದ. ಮಾಜಿ ಸೈನಿಕರ ಕಚೇರಿಯ ಗುಮಾಸ್ತ ಲಿಗೋರಿ ಅದನ್ನು ಮದುವೆಯ ಕರೆಯೋಲೆಯ ಹಾಗೆ ಹಿಡಿದುಕೊಂಡು ಬಂದ. "ದುಗ್ಗಪ್ಪಣ್ಣ, ಆಸ್ಟ್ರೇಲಿಯಾದಿಂದ ಮಾರಾಯ್ರೆ! ನಿಮ್ಮ ಬೂಬನ ವಿಷಯ ಉಂಟು ಇದರಲ್ಲಿ."

ಬರೆದವನು ಸಾರ್ಜೆಂಟ್ ಹೆನ್ಲಿ. ಕುರಿಗಳ ಉಣ್ಣೆ ಕತ್ತರಿಸುತ್ತಿದ್ದವನು ಕಾಲಾಳು ಪಡೆಗೆ ಸೇರಿ, ಲಿಬಿಯಾ, ಗ್ರೀಸ್ ಎಲ್ಲ ಕಡೆ ಕಾದಾಡಿ, ಕೊನೆಗೆ ನ್ಯೂಗಿನಿಯ ಕಾಡಿಗೆ ಬಂದನಂತೆ. ಅಲ್ಲಿ 1945ರಲ್ಲಿ, ಗುಂಡು ಹಾರುತ್ತಿರುವಾಗಲೇ, ಒಬ್ಬ ಭಾರತೀಯ ಕೈದಿಯನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿದ್ದಕ್ಕೆ ಅವನಿಗೆ ಮಿಲಿಟರಿ ಮೆಡಲ್ ಸಿಕ್ಕಿತು. ಆ ಕೈದಿ ನಮ್ಮ ಬೂಬ. ಬೂಬನ ತಾಯಿಯನ್ನು ನೋಡಲು ಹೆನ್ಲಿ ಗುರುವಾರ ಮದರಾಸಿನ ರೈಲಿನಲ್ಲಿ ಬರುತ್ತಾನೆ.

ನಾವು ಮೂವರೂ ಸೆರೆಸಿಕ್ಕ ಸಿಂಗಾಪುರದಲ್ಲಿ ಜಪಾನಿಯರು ನಿನ್ನನ್ನು ಅಲ್ಲೇ ಉಳಿಸಿ ನಮ್ಮಿಬ್ಬರನ್ನು ನ್ಯೂಗಿನಿಯ ಹಡಗಿಗೆ ತುಂಬಿದರಲ್ಲ, ಆಮೇಲಿನದು ನಿನಗೆ ನಾನು ಹೇಳಿದಷ್ಟೇ ಗೊತ್ತು. ಬೂಬ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟ, ನಾನೇ ಸುಟ್ಟೆ ಎಂದಿದ್ದೆ. ಸುಳ್ಳು, ಯಾಹ್ಯಾ. ಶಿಬಿರದಿಂದ ಇಬ್ಬರೂ ತಪ್ಪಿಸಿಕೊಂಡೆವು. ಅವನ ಕಾಲು ಕೊಳೆತಿತ್ತು, ಜ್ವರವಿತ್ತು. ಉಸಿರೂ ಇತ್ತು. ನಾನು ಬಿಟ್ಟು ನಡೆದೆ. ಮರುದಿನ ಆಸ್ಟ್ರೇಲಿಯಾದವರ ಒಂದು ತುಕಡಿ ನನಗೆ ಸಿಕ್ಕಿತು. ಹಿಂದೆ ಯಾರಾದರೂ ಇದ್ದಾರಾ ಎಂದು ಕೇಳಿದರು. ಇದ್ದಾನೆ ಎಂದರೆ ದಾರಿ ತೋರಿಸಲು ನನ್ನನ್ನೇ ಕರೆದೊಯ್ಯುತ್ತಿದ್ದರು. ಇಲ್ಲ ಎಂದೆ.

ನನ್ನ ಆ ಸುಳ್ಳಿನ ಮೇಲೆ ಕದ್ರಿಯಲ್ಲಿ ಅವನ ತಾಯಿ, ನಾನೂ ಅಪ್ಪೆ ಎಂದೇ ಕರೆಯುವ ದೇಯಿ, ಮಗನ ಬೊಜ್ಜದ ಉತ್ತರಕ್ರಿಯೆ ಮುಗಿಸಿದರು. ಪ್ರತಿ ವರ್ಷ ಸತ್ತವರಿಗೆ ಬಡಿಸುವ ದಿನ ನನಗೇ ಮೊದಲ ಎಲೆ, ಮಗನಿಗೆ ಬೆಂಕಿ ಕೊಟ್ಟವನೆಂದು. ಹನ್ನೊಂದು ವರ್ಷ ಉಂಡಿದ್ದೇನೆ. ಈಗ ಅವರು, "ಆ ದೊರೆಯ ಭಾಷೆ ನನಗೆಂತ ಗೊತ್ತು? ನೀನುಂಟಲ್ಲ ಮಗಾ, ತುಳುವಿನಲ್ಲಿ ಹೇಳು" ಎನ್ನುತ್ತಾರೆ.

ಕಾಸರಗೋಡಿಗೆ ಓಡಲೇ? ಜ್ವರ ಎಂದು ಮಲಗಲೇ? ಹೆದರಿಕೆಯಾಗುತ್ತದೆ ಮಾರಾಯ. ಜಪಾನಿಯರಿಗೂ ಇಷ್ಟು ಹೆದರಿರಲಿಲ್ಲ.

ನಿನ್ನ
ದುಗ್ಗಪ್ಪ


ಮಣ್ಣಗುಡ್ಡ
17-11-1957

ಪ್ರೀತಿಯ ಯಾಹ್ಯಾ,

ನಿನ್ನ ಉತ್ತರಕ್ಕೆ ಕಾಯುವ ತಾಳ್ಮೆ ಇಲ್ಲ, ಕ್ಷಮಿಸು. ಹೆನ್ಲಿ ಬಂದು ಹೋದ.

ನನ್ನ ಕಲ್ಪನೆಯಲ್ಲಿ ಅವನು ರಾಕ್ಷಸನ ಹಾಗಿದ್ದ. ರೈಲಿನಿಂದ ಇಳಿದವನು ಬೆನ್ನು ಬಾಗಿದ ಒಬ್ಬ ಉದ್ದನೆಯ ಮನುಷ್ಯ. ಮೆಟ್ಟಿಲಲ್ಲೇ ಬೂಟು ಬಿಚ್ಚಿದ. ದೇಯಿ ಅಪ್ಪೆ ಎಳನೀರಿನ ಬೊಂಡ ಕೆತ್ತಿ ಕೊಟ್ಟರೆ ಕುಡಿಯಲು ಬಾರದೆ ಅಂಗಿಯೆಲ್ಲ ಒದ್ದೆ ಮಾಡಿಕೊಂಡ. ನನಗೆ ನಗು ಬರಲಿಲ್ಲ.

ಬೂಬನನ್ನು ಹೊತ್ತದ್ದು, ಹೊಳೆ ದಾಟಿದ್ದು, ಅಷ್ಟನ್ನು ತುಳುವಿನಲ್ಲಿ ಹೇಳಿದೆ. ಆಮೇಲೆ ಹೆನ್ಲಿ, "ಎರಡು ದಿನ ಬದುಕಿದ್ದ. ಮಳೆಗೆ ಕಟ್ಟಿಗೆ ಹತ್ತಲಿಲ್ಲ. ನಿಮ್ಮ ಕ್ರಮದಂತೆ ಸುಡಲು ನನ್ನಿಂದ ಆಗಲಿಲ್ಲ, ಹೂಳಿದೆ. ತಾಯಿಯ ಹತ್ತಿರ ಕ್ಷಮೆ ಕೇಳು" ಎಂದು ಕಣ್ಣೊರೆಸಿಕೊಂಡ. ಅವನು ಕ್ಷಮೆ ಕೇಳುತ್ತಿದ್ದಾನೆ, ನಾನು ಪಕ್ಕದಲ್ಲಿ ಕೂತಿದ್ದೇನೆ!

"ಎಂತ ಹೇಳಿದ?" ಎಂದರು ದೇಯಿ ಅಪ್ಪೆ.

ಹೇಳಿಬಿಟ್ಟೆ. "ಅಪ್ಪೆ, ಸುಟ್ಟದ್ದು ನಾನಲ್ಲ. ಜೀವ ಇರುವಾಗಲೇ ಬಿಟ್ಟು ಬಂದೆ. ಹೊತ್ತದ್ದು ಇವರು, ಮಣ್ಣು ಮಾಡಿದ್ದೂ ಇವರು."

ಅವರು ನನ್ನ ಮುಖ ನೋಡಲಿಲ್ಲ. "ಮತ್ತೆ ಎಂತ ಹೇಳ್ತಾನೆ, ಕೇಳು" ಎಂದರು, ಅಷ್ಟೇ. ಹೆನ್ಲಿ ಪದಕವನ್ನು ಅವರ ಕೈಯಲ್ಲಿಟ್ಟ. ತಿರುಗಿಸಿ ನೋಡಿ, "ಇದು ಇವರ ಬೆನ್ನಿಗೆ ಸಿಕ್ಕಿದ್ದು, ನನಗ್ಯಾಕೆ?" ಎಂದು ಅವನ ಅಂಗಿಗೇ ಚುಚ್ಚಲು ಹೋದರು. ಆ ಪಿನ್ನು ಅವರಿಗೆ ತಿಳಿಯಲಿಲ್ಲ, ಅವನೇ ಚುಚ್ಚಿಕೊಂಡ.

ಊಟಕ್ಕೆ ಹೆನ್ಲಿಗೆ ಅವರೇ ಬಡಿಸಿದರು. ನನಗೆ ಅವರ ಮಗಳು ಮುದ್ದು ಬಡಿಸಿದಳು. ಹೊರಡುವಾಗ ನನಗೆ "ಹೋಗಿ ಬಾ" ಎನ್ನಲಿಲ್ಲ. ಇನ್ನು ಆ ಬಾಗಿಲಿಗೆ ಹೋಗಲು ಧೈರ್ಯವಿಲ್ಲ.

ಸುಹರಾಳಿಗೆ ನೆನಪು ಹೇಳು. ಮಕ್ಕಳು ನೂರು ಕಾಲ ಬಾಳಲಿ. ನನ್ನಂಥವನ ಆಶೀರ್ವಾದವೂ ತಾಗುವುದಾದರೆ.

ನಿನ್ನ
ದುಗ್ಗಪ್ಪ

ತಾ.ಕ.: ಒಂದನ್ನು ತುಳುವಿಗೆ ತರಲಿಲ್ಲ. "ನೀರು ತರ್ತೇನೆ, ಇಲ್ಲೇ ಇರು" ಎಂದು ಬೂಬನಿಗೆ ಹೇಳಿ ನಾನು ಹೊರಟಿದ್ದೆ. ನನಗೆ ಸಿಕ್ಕವರಲ್ಲ, ಹೆನ್ಲಿಯ ಬೇರೆ ತುಕಡಿಯವರು ಕಂಡಾಗ ಬೂಬ ಏಳಲೇ ಒಪ್ಪಲಿಲ್ಲವಂತೆ. ಮರವನ್ನು ತಬ್ಬಿ ಹಿಡಿದು, "ಫ್ರೆಂಡ್ ನೀರಿಗೆ ಹೋಗಿದ್ದಾನೆ, ವಾಪಸು ಬಂದು ನನ್ನನ್ನು ಹುಡುಕುತ್ತಾ ಜಪಾನಿಯರ ಕೈಗೆ ಸಿಗುತ್ತಾನೆ" ಎಂದು ಹರಕು ಇಂಗ್ಲಿಷಿನಲ್ಲಿ ಅತ್ತನಂತೆ. ಅವನನ್ನು ಒಪ್ಪಿಸುವಷ್ಟರಲ್ಲಿ ಗುಂಡು ಶುರುವಾಯಿತು. ಅವನ ಹೊಟ್ಟೆಗೆ ಬಿತ್ತು. ಆ ಫ್ರೆಂಡ್ ನಾನೇ ಎಂದು ತುಳು ಬಾರದ ಹೆನ್ಲಿಗೆ ಗೊತ್ತಿಲ್ಲ. ಆ ಫ್ರೆಂಡ್ ಬದುಕಿದನಾ ಎಂದು ನನ್ನನ್ನೇ ಕೇಳಿದ. ಇಲ್ಲ ಎಂದೆ. ಎಂತ ಕೇಳಿದ ಎಂದು ದೇಯಿ ಅಪ್ಪೆ ಕೇಳಿದರು. ಬೂಬ ನಿಮ್ಮನ್ನು ಕರೆಯುತ್ತಿದ್ದನಂತೆ ಎಂದೆ. ಬಿಟ್ಟು ಬಂದೆನೆಂದು ಅವರಿಗೆ ಹೇಳಲು ಆಯಿತು, ಯಾಹ್ಯಾ. ಅವನು ನನಗಾಗಿ ಕಾಯುತ್ತಿದ್ದ ಎಂದು ಹೇಳಲು ಆಗಲಿಲ್ಲ.